‘ವಾಲಂಟಿಯರ್ ವೀಸಾ ಎಷ್ಟಕ್ಕೆ ಸಿಗುತ್ತೆ ಅಣ್ಣಾ?’

ಜರ್ಮನಿಯಿಂದ ಕುಡುಮಲಕುಂಟೆಗೆ ವಾಪಸಾಗಿ ಒಂದು ವರ್ಷದ ಮೇಲಾಯಿತು. ಈಗಲೂ ವಾರಕ್ಕೆ ಒಂದೆರಡು ಕರೆ ಬರುತ್ತವೆ. ಗೌರಿಬಿದನೂರಿನ ಡಿಗ್ರಿ ಹುಡುಗರು, ಚಿಂತಾಮಣಿಯಲ್ಲಿ ಡಿಪ್ಲೊಮಾ ಮುಗಿಸಿ ಕೂತಿರುವ ಒಬ್ಬ, ಶಿಡ್ಲಘಟ್ಟದಿಂದ ನರ್ಸಿಂಗ್ ಓದುತ್ತಿರುವ ಹುಡುಗಿ. ಎಲ್ಲರ ಮೊದಲ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘ಅಣ್ಣಾ, ವಾಲಂಟಿಯರ್ ವೀಸಾ ಎಷ್ಟಕ್ಕೆ ಸಿಗುತ್ತೆ?’

ಅಲ್ಲಿ ಏನು ಕೆಲಸ, ಎಷ್ಟು ದಿನ ಇರಬೇಕು, ಯಾವ ಭಾಷೆ ಬೇಕು ಎಂಬುದೆಲ್ಲ ಆಮೇಲೆ. ಮೊದಲು ದರ. ಯಾಕೆಂದರೆ ಯಾರೋ ಒಬ್ಬರು ಆಗಲೇ ಅವರಿಗೆ ದರ ಹೇಳಿರುತ್ತಾರೆ. ಒಬ್ಬನಿಗೆ ಎರಡೂವರೆ ಲಕ್ಷ, ಇನ್ನೊಬ್ಬನಿಗೆ ಮೂರು. ‘ಕಲ್ಚರಲ್ ಎಕ್ಸ್‌ಚೇಂಜ್ ಪ್ರೋಗ್ರಾಂ, ಊಟ ವಸತಿ ಫ್ರೀ, ಆಮೇಲೆ ಪಿಆರ್ ಗ್ಯಾರಂಟಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಪೋಸ್ಟರ್ ಬಂದಿರುತ್ತದೆ. ನಾನು ಹೋದ ಯೋಜನೆಯಲ್ಲಿ ಸೇರುವವರಿಂದ ಶುಲ್ಕವನ್ನೇ ಪಡೆಯುವುದಿಲ್ಲ ಎಂದರೆ ನಂಬುವುದಿಲ್ಲ. ‘ನಿಮಗೆ ಯಾರೋ ಗೊತ್ತಿದ್ದರು ಬಿಡಿ’ ಎನ್ನುತ್ತಾರೆ.

ಸೇವೆ ಮಾಡಲು ಹೋಗುವವನೇ ಲಕ್ಷಗಟ್ಟಲೆ ಕೊಡಬೇಕು ಎಂಬ ಮಾತು ನಮಗೆ ವಿಚಿತ್ರ ಅನಿಸದೇ ಇರುವುದು ಹೇಗೆ? ಈ ಬರಹ ಶುರುವಾದದ್ದು ಆ ಪ್ರಶ್ನೆಯಿಂದ.

ಬಾಗಿಲು ತೆರೆದದ್ದು ಯಾಕೆ

ಜರ್ಮನಿಯಲ್ಲಿ ಹಿಂದೆ ಕಡ್ಡಾಯ ಸೈನಿಕ ಸೇವೆ ಇತ್ತು. ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪದ ಹುಡುಗರು ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮ, ಅಂಗವಿಕಲರ ಕೇಂದ್ರಗಳಲ್ಲಿ ದುಡಿಯಬೇಕಿತ್ತು. ದಶಕಗಳ ಕಾಲ ಅಲ್ಲಿನ ಆರೈಕೆ ಕೇಂದ್ರಗಳು ಈ ಹುಡುಗರ ರಟ್ಟೆಬಲವನ್ನು ನೆಚ್ಚಿಕೊಂಡಿದ್ದವು. 2011ರಲ್ಲಿ ಕಡ್ಡಾಯ ಸೇವೆಯನ್ನು ನಿಲ್ಲಿಸಿದರು. ಹುಡುಗರು ಬರುವುದು ನಿಂತಿತು. ಅಜ್ಜ ಅಜ್ಜಿಯರು ಮಾತ್ರ ಅಲ್ಲೇ ಇದ್ದರು. ಆ ವರ್ಷ ಜುಲೈ 1ರಿಂದ ಸರ್ಕಾರ ‘ಬುಂಡೆಸ್‌ಫ್ರೈವಿಲಿಗೆನ್‌ಡೀನ್‌ಸ್ಟ್’ ಎಂಬ ಹೊಸ ಯೋಜನೆ ತಂದಿತು. ಹೆಸರು ನಾಲಿಗೆಗೆ ಕಷ್ಟ, ಅಲ್ಲಿಯವರೂ ಬಿಎಫ್‌ಡಿ ಎಂದೇ ಕರೆಯುತ್ತಾರೆ. ಕೇಂದ್ರ ಸರ್ಕಾರದ ಸ್ವಯಂಸೇವಾ ಯೋಜನೆ ಎಂದುಕೊಳ್ಳಿ. ಇದಕ್ಕೂ ಮೊದಲು, 1964ರಿಂದಲೇ, ‘ಸ್ವಯಂಪ್ರೇರಿತ ಸಾಮಾಜಿಕ ವರ್ಷ’ ಎಂಬ ಇನ್ನೊಂದು ಯೋಜನೆಗೆ ಕಾನೂನಿನ ಬೆಂಬಲ ಇತ್ತು. ಅದು ಎಫ್‌ಎಸ್‌ಜೆ. ಎರಡಕ್ಕೂ ವಿದೇಶಿಯರು ಅರ್ಜಿ ಹಾಕಬಹುದು.

ಈ ನಡುವೆ ಆ ದೇಶಕ್ಕೆ ವಯಸ್ಸಾಗುತ್ತ ಹೋಯಿತು. 2023ರ ಕೊನೆಯ ಲೆಕ್ಕದಂತೆ ಅಲ್ಲಿ ಸುಮಾರು 57 ಲಕ್ಷ ಜನರಿಗೆ ದಿನನಿತ್ಯದ ಆರೈಕೆ ಬೇಕು. ತಮ್ಮ ಯುವಕರನ್ನೇ ಒಂದಷ್ಟು ಕಾಲ ಕಡ್ಡಾಯವಾಗಿ ಸಮಾಜಸೇವೆಗೆ ಹಚ್ಚಬೇಕು ಎಂದು ಅಲ್ಲಿನ ರಾಷ್ಟ್ರಾಧ್ಯಕ್ಷ ಸ್ಟೈನ್‌ಮೈಯರ್ 2022ರಲ್ಲಿ ಸಲಹೆ ಕೊಟ್ಟರು. ದೊಡ್ಡ ಚರ್ಚೆಯಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ವಲಸೆ ಮತ್ತು ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರ್‌ನಲ್ಲಿ, ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವ ಪ್ರಕಟಣೆ ಬಂತು. ನಮ್ಮ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಆ 90 ಸಾವಿರ. ಸ್ವಯಂಸೇವಕರ ವೀಸಾ ಬೇರೆಯೇ, ಅದರ ಬಗ್ಗೆ ಯಾರೂ ಬರೆಯಲಿಲ್ಲ. ಆದರೆ ಎರಡನ್ನೂ ತೆರೆದದ್ದು ಒಂದೇ ಕೊರತೆ: ಅಲ್ಲಿ ಕೈಗಳಿಲ್ಲ.

ಲೆಕ್ಕ ಹಾಕಿ ನೋಡೋಣ. ಬಿಎಫ್‌ಡಿಯಲ್ಲಿ ಸಿಗುವುದು ಸಂಬಳ ಅಲ್ಲ, ‘ಪಾಕೆಟ್ ಮನಿ’. 2025ರಲ್ಲಿ ಅದರ ಗರಿಷ್ಠ ಮಿತಿ ತಿಂಗಳಿಗೆ 644 ಯೂರೊ. ಗರಿಷ್ಠ ಎಂಬ ಪದ ಗಮನಿಸಿ. ಎಷ್ಟೋ ಸಂಸ್ಥೆಗಳು ಅದಕ್ಕಿಂತ ಕಡಿಮೆ ಕೊಡುತ್ತವೆ. ಕೋಣೆ, ಊಟವನ್ನು ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ವಿಮೆಯ ಕಂತನ್ನು ಸಂಸ್ಥೆಯೇ ಕಟ್ಟುತ್ತದೆ. ಕೆಲಸ ವಾರಕ್ಕೆ ಸುಮಾರು 39 ಗಂಟೆ. ಅದೇ 39 ಗಂಟೆಯನ್ನು ಆ ದೇಶದ ಕನಿಷ್ಠ ವೇತನದಲ್ಲಿ ದುಡಿದರೆ, ಗಂಟೆಗೆ 12.82 ಯೂರೊದಂತೆ (ಇದೂ 2025ರ ದರ) ತಿಂಗಳಿಗೆ 2,100 ಯೂರೊ ದಾಟುತ್ತದೆ. ಸ್ವಯಂಸೇವಕರಿಗೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ.

ಮೋಸ ಅನ್ನಬೇಡಿ. ಅಲ್ಲಿನ ಹುಡುಗರೂ ಇದೇ ದುಡ್ಡಿಗೆ ಮಾಡುತ್ತಾರೆ. ನನ್ನ ಜೊತೆಗಿದ್ದ ಇಬ್ಬರು ಸ್ಥಳೀಯರು ಶಾಲೆ ಮುಗಿಸಿ, ಮುಂದೇನು ಓದುವುದು ಎಂದು ತೀರ್ಮಾನಿಸಲು ಒಂದು ವರ್ಷ ತೆಗೆದುಕೊಂಡಿದ್ದರು. ವಾರಾಂತ್ಯಕ್ಕೆ ಅಪ್ಪ ಅಮ್ಮನ ಮನೆಗೆ ಹೋಗಿ ಬಟ್ಟೆ ಒಗೆಸಿಕೊಂಡು ಬರುತ್ತಿದ್ದರು. ಅವರಿಗೆ ಅದು ಒಂದು ವರ್ಷದ ಅನುಭವ. ನನಗೆ ಅದು ಕುಡುಮಲಕುಂಟೆ ಇಂಡಸ್ಟ್ರಿಯಲ್ ಏರಿಯಾದ ಗಾರ್ಮೆಂಟ್ಸ್‌ನಲ್ಲಿ ಬಿಟ್ಟು ಬಂದ ಸ್ಟೋರ್ಸ್ ಕೆಲಸ, ಅಮ್ಮ ಅಡ ಇಟ್ಟ ಓಲೆ. ಒಂದೇ ಕೋಣೆ, ಒಂದೇ ಪಾಕೆಟ್ ಮನಿ. ಆದರೂ ವಾಲಂಟಿಯರ್ ಎಂಬ ಮಾತು ಇಬ್ಬರಿಗೂ ಒಂದೇ ಆಗಿರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಂಬಳದ ಕೆಲಸಗಾರನ ಜಾಗದಲ್ಲಿ ಸ್ವಯಂಸೇವಕನನ್ನು ಕೂರಿಸಬಾರದು, ಅವನು ಹೆಚ್ಚುವರಿ ನೆರವಿಗೆ ಮಾತ್ರ ಎಂದು ಜರ್ಮನಿಯ ಕಾನೂನೇ ಹೇಳುತ್ತದೆ. ಬೆಳಗಿನ ಪಾಳಿಯಲ್ಲಿ ಇಬ್ಬರು ರಜೆ ಹಾಕಿದ ದಿನ ಆ ಕಾನೂನು ಎಲ್ಲಿರುತ್ತದೆ ಎಂದು ನಾನು ನೋಡಿದ್ದೇನೆ. 22 ಜನ ವೃದ್ಧರಿರುವ ಮಹಡಿಯಲ್ಲಿ ಒಬ್ಬ ನರ್ಸ್, ಮತ್ತೆ ನಾನು. ಯಾರ ಮೇಲೂ ದೂರಿಲ್ಲ. ಆ ನರ್ಸ್ ನನಗಿಂತ ಹೆಚ್ಚು ಸುಸ್ತಾಗಿದ್ದರು.

ಉಗುರು ಕತ್ತರಿಸುವ ಕೆಲಸ

ನಾನು ಹೋದ ದಾರಿ ಹೇಳಿಬಿಡುತ್ತೇನೆ, ಕೇಳುವವರು ಬಹಳ. ಬಿ.ಕಾಂ. ಮುಗಿಸಿ ಎರಡು ವರ್ಷ ಗಾರ್ಮೆಂಟ್ಸ್‌ನಲ್ಲಿದ್ದೆ. ರಜೆ ದಿನ ಹಿಂದೂಪುರದ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಜರ್ಮನ್ ಕ್ಲಾಸಿಗೆ ಹೋಗುತ್ತಿದ್ದೆ. ಎ2 ಮಟ್ಟ ಮುಗಿಸಿದ ಮೇಲೆ ಅಲ್ಲಿನ ಸಂಸ್ಥೆಗಳಿಗೆ ಒಂದೊಂದಾಗಿ 40ಕ್ಕೂ ಹೆಚ್ಚು ಇಮೇಲ್ ಬರೆದೆ. ಆರು ಉತ್ತರ, ಎರಡು ವಿಡಿಯೊ ಸಂದರ್ಶನ, ಒಂದು ‘ಸರಿ’. ಬಿಎಫ್‌ಡಿಯ ಒಪ್ಪಂದಕ್ಕೆ ನಾನು, ಸಂಸ್ಥೆ, ಜರ್ಮನಿಯ ಸಂಬಂಧಪಟ್ಟ ಸರ್ಕಾರಿ ಇಲಾಖೆ ಮೂವರೂ ಸಹಿ ಹಾಕಬೇಕು. ಆ ಕಾಗದ ಇಟ್ಟುಕೊಂಡು ವೀಸಾಕ್ಕೆ ಹೋದೆ. ವೀಸಾ ಶುಲ್ಕ 75 ಯೂರೊ. ಕ್ಲಾಸು, ಪರೀಕ್ಷೆ, ಟಿಕೆಟ್ ಸೇರಿ ಒಂದೂವರೆ ಲಕ್ಷದೊಳಗೆ ಮುಗಿಯಿತು. ಏಜೆಂಟರಿಗೆ ಕೊಟ್ಟದ್ದು ಸೊನ್ನೆ.

ಹೋದ ಮೊದಲ ವಾರ ಕೊಟ್ಟ ಕೆಲಸ, ಒಬ್ಬ ಅಜ್ಜಿಯ ಕೈ ತೊಳೆದು ಉಗುರು ಕತ್ತರಿಸುವುದು. ನೇಲ್ ಕಟರ್ ಹಿಡಿದು ಕೂತಾಗ ನೆನಪಾಯಿತು: ಮನೆಯಲ್ಲಿ ನನ್ನ ಸ್ವಂತ ಅಜ್ಜಿಯ ಉಗುರನ್ನು ನಾನು ಒಮ್ಮೆಯೂ ಕತ್ತರಿಸಿಲ್ಲ. ಅದು ಅಮ್ಮನ ಕೆಲಸ, ಇಲ್ಲವಾದರೆ ಚಿಕ್ಕಮ್ಮನ ಕೆಲಸ. ಗಂಡುಹುಡುಗ ಹಾಸಿಗೆ ಹಿಡಿದವರ ಮೈ ಒರೆಸುವುದು, ಬಟ್ಟೆ ಬದಲಿಸುವುದು ನಮ್ಮ ಕಡೆ ಇಲ್ಲ ಎಂದೇ ಹೇಳಬಹುದು. ಹಾಗೆ ನೋಡಿದರೆ ಕೆಲವು ಕೆಲಸಗಳನ್ನು ಕೆಲವು ಜಾತಿಯವರೇ ಮಾಡಬೇಕು ಎಂದು ಕಲಿಸಿದ ಊರು ನಮ್ಮದು. ಅಲ್ಲಿ ನನ್ನ ಪಕ್ಕ ಮಲ ತುಂಬಿದ ಡೈಪರ್ ಬದಲಿಸುತ್ತಿದ್ದವನು ಒಬ್ಬ ಡಾಕ್ಟರ್ ಮಗ. ಕೈತೊಳೆದು ಬಂದು ಅದೇ ಕೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. ಮೊದಲ ತಿಂಗಳು ನನಗೆ ಊಟ ಸೇರಲಿಲ್ಲ. ಇದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ವಿಡಿಯೊ ಕಾಲ್‌ನಲ್ಲಿ ಹಿಮ ಬಿದ್ದ ರಸ್ತೆ ತೋರಿಸುತ್ತಿದ್ದೆ.

ಸಣ್ಣ ವಿಷಯಗಳಲ್ಲಿ ನಗುವೂ ಇತ್ತು. ಭಾನುವಾರ ಖಾಲಿ ಗಾಜಿನ ಬಾಟಲಿಗಳನ್ನು ತಂದು ಕಂಟೇನರಿಗೆ ಹಾಕಿದ್ದಕ್ಕೆ ಎದುರು ಮನೆಯಾತ ಬಂದು ಪಾಠ ಮಾಡಿದ. ಭಾನುವಾರ ಸದ್ದು ಮಾಡಬಾರದಂತೆ. ನಮ್ಮೂರಲ್ಲಿ ಭಾನುವಾರವೇ ಮೈಕ್ ಹಾಕುವುದು ಎಂದು ಜರ್ಮನ್‌ನಲ್ಲಿ ಹೇಳುವಷ್ಟು ಭಾಷೆ ಆಗ ಬರುತ್ತಿರಲಿಲ್ಲ. ಊರಿನ ಹೆಸರು ಹೇಳು ಎಂದರೆ ಯಾರ ಬಾಯಿಗೂ ಬರುತ್ತಿರಲಿಲ್ಲ. ಕೊನೆಗೆ, ತೆಲುಗಿನಲ್ಲಿ ಕುಡುಮು ಅಂದರೆ ಕಡುಬು, ನಿಮ್ಮ ‘ಕ್ನೋಡೆಲ್’ ಇದ್ದ ಹಾಗೆ, ಕುಂಟೆ ಅಂದರೆ ಕೆರೆಯ ತಮ್ಮ ಎಂದೆ. ಅಂದಿನಿಂದ ನಾನು ‘ಕ್ನೋಡೆಲ್ ಊರಿನವನು’.

ಭಾಷೆಯ ವಿಷಯದಲ್ಲಿ ಒಂದು ಅನುಕೂಲವೂ ಸಿಕ್ಕಿತು. ಇಂಗ್ಲಿಷಿನ ‘ಯೂ’ದಲ್ಲಿ ನೀನು, ನೀವು ಎರಡೂ ಕಲಸಿಹೋಗಿವೆ. ಜರ್ಮನ್‌ನಲ್ಲಿ ಹಾಗಲ್ಲ. ‘ಡು’ ಎಂದರೆ ನೀನು, ‘ಜೀ’ ಎಂದರೆ ನೀವು. ಎಷ್ಟೇ ಸಲುಗೆ ಬೆಳೆದರೂ ಆಶ್ರಮದ ಹಿರಿಯರಿಗೆ ‘ಜೀ’ ಎಂದೇ ಮಾತಾಡಬೇಕು, ಹೆಸರಿನ ಹಿಂದೆ ಶ್ರೀಮತಿ, ಶ್ರೀಯುತ ಎಂದು ಸೇರಿಸಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಬೇರೆ ದೇಶದ ಗೆಳೆಯರು ಇದರಲ್ಲಿ ಎಡವುತ್ತಿದ್ದರು. ನನಗೆ ಕನ್ನಡ ದಾರಿ ತೋರಿಸಿತು. ಕಷ್ಟವಾದದ್ದು ಬೇರೆ. ‘ಅಜ್ಜಿ’ ಎಂದು ಕರೆಯುವಂತಿರಲಿಲ್ಲ. ಹಾಗೆ ಕರೆದರೆ ಅವರಿಗೆ ಅವಮಾನವಂತೆ. ಒಂದು ವರ್ಷ ದಿನವೂ ತಲೆ ಬಾಚಿದ ಹೆಂಗಸನ್ನು ಶ್ರೀಮತಿ ಇಂಥವರೇ ಎಂದು ಕರೆದೆ.

ಅವರಲ್ಲಿ ಒಬ್ಬರಿಗೆ ಆಗ 90 ವರ್ಷ. ಈಗ ಪೋಲೆಂಡಿಗೆ ಸೇರಿರುವ ಸೈಲೀಷಿಯಾ ಪ್ರಾಂತ್ಯದವರು. 1945ರಲ್ಲಿ, 12ರ ವಯಸ್ಸಿನಲ್ಲಿ, ಅಮ್ಮನ ಕೈ ಹಿಡಿದು ಊರು ಬಿಟ್ಟವರು. ನಿನ್ನೆ ತಿಂದದ್ದು ಮರೆಯುತ್ತಿದ್ದರು. ಊರು ಬಿಟ್ಟ ದಿನ ಗಾಡಿಯಲ್ಲಿ ಏನೇನು ಹೇರಿದರು ಎಂಬುದು ಮಾತ್ರ ಬಾಯಿಪಾಠ. ಒಂದು ದಿನ ಕೇಳಿದರು, ‘ನಿನ್ನ ಊರಿನಲ್ಲಿ ಏನಾಯಿತು?’ ಅಂದರೆ ನಿಮ್ಮ ಕಡೆ ಇತಿಹಾಸ ಏನು ಎಂದು. ನಾನು ಗಾಂಧಿ, ಬ್ರಿಟಿಷರು ಎಂದು ಶುರು ಮಾಡಿದೆ. ‘ಅದು ದೇಶ. ನಿನ್ನ ಊರು?’ ಎಂದರು.

ಉತ್ತರ ಇತ್ತು, ನನ್ನ ಬಳಿ ಇರಲಿಲ್ಲ. ನಮ್ಮ ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ. ನಾಗರಕಲ್ಲಿಗೆ ಪ್ರದಕ್ಷಿಣೆ, ಆಮೇಲೆ ಚುರುಮುರಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು, ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಅದಕ್ಕೇ ಹೆಸರು ಬಂತು ಎಂಬುದು ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತಿತ್ತು. ಸತ್ತವರ ಒಂದು ಹೆಸರೂ ಗೊತ್ತಿರಲಿಲ್ಲ. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದಿದೆ. ಆ ಗುಂಡಿನ ಸದ್ದಿಗೆ ಸರ್ದಾರ್ ಪಟೇಲರು ಮೈಸೂರಿಗೆ ಬಂದದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ ಕಾಂಗ್ರೆಸ್ ಧ್ವಜಕ್ಕೆ ಅವಕಾಶ ಸಿಕ್ಕಿದ್ದು ಎಲ್ಲ ಆಗಲೇ ತಿಳಿದದ್ದು. ಜರ್ಮನಿಯ ಬೀದಿಗಳಲ್ಲಿ ನಡೆಯುವಾಗ ಕಾಲ ಕೆಳಗೆ ಹಿತ್ತಾಳೆಯ ಸಣ್ಣ ಕಲ್ಲುಗಳು ಸಿಗುತ್ತವೆ. ನಾಜಿಗಳು ಎಳೆದೊಯ್ದವರು ಕೊನೆಯದಾಗಿ ವಾಸವಿದ್ದ ಮನೆಗಳ ಮುಂದೆ ಅವರ ಹೆಸರು ಕೆತ್ತಿ ಹೂಳಿದ ಕಲ್ಲುಗಳು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರು ಮಾಡಿದ ಈ ಕೆಲಸದ 1 ಲಕ್ಷದ ಕಲ್ಲು 2023ರಲ್ಲಿ ಕೂತಿತು. ಅವುಗಳ ಫೋಟೊ ತೆಗೆದು ಸ್ಟೇಟಸ್ ಹಾಕಿದ್ದವನು ನಾನು. ನಮ್ಮ ವಿದುರಾಶ್ವತ್ಥದ ವೀರಸೌಧದೊಳಗೆ ಹೋಗಿ ನಿಂತದ್ದು ವಾಪಸ್ ಬಂದ ಮೇಲೆ.

ಸಾಂಸ್ಕೃತಿಕ ವಿನಿಮಯ ಎಂದರೆ ನಾವು ದೋಸೆ ಮಾಡಿ ತೋರಿಸುವುದು, ಅವರು ಕೇಕ್ ಕೊಡುವುದು ಎಂದುಕೊಂಡು ಹೋಗಿದ್ದೆ. ಅದೂ ಆಯಿತು. ರಾಗಿ ಮುದ್ದೆ ಮಾಡಲು ಹೋಗಿ ಆಶ್ರಮದ ಪಾತ್ರೆಯೊಂದು ತಳ ಹಿಡಿದದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ನಿಜವಾದ ವಿನಿಮಯ ನಡೆದದ್ದು ಆ ಒಂದು ಪ್ರಶ್ನೆಯಲ್ಲಿ.

ವಿಮಾನ ಯಾವ ಕಡೆ ಹಾರುತ್ತದೆ

ಈ ವಿನಿಮಯಕ್ಕೆ ಹಳೆಯ ಇತಿಹಾಸ ಇದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಪಿಯೆರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನವರು ಫ್ರಾನ್ಸಿನ ವರ್ಡನ್ ಬಳಿಯ ಪಾಳುಬಿದ್ದ ಹಳ್ಳಿಯೊಂದನ್ನು ಕಟ್ಟಲು ಹಲವು ದೇಶಗಳ ಯುವಕರನ್ನು ಸೇರಿಸಿದರು. ಅವರಲ್ಲಿ ಜರ್ಮನರೂ ಇದ್ದರು. ನಿನ್ನೆ ಗುಂಡು ಹಾರಿಸಿದವರು ಇಂದು ಇಟ್ಟಿಗೆ ಹೊರುವುದು ಊರವರಿಗೆ ಸರಿ ಕಾಣಲಿಲ್ಲ, ಶಿಬಿರ ಕೆಲವು ತಿಂಗಳಿಗೇ ನಿಂತಿತು. ಸೆರೆಸೋಲ್ ಬಿಡಲಿಲ್ಲ. 1934ರ ಬಿಹಾರ ಭೂಕಂಪದ ನಂತರ ಭಾರತಕ್ಕೂ ಬಂದು ಹಳ್ಳಿಗಳನ್ನು ಕಟ್ಟುವ ಕೆಲಸಕ್ಕೆ ನಿಂತರು. ಆಮೇಲೆ ಅಮೆರಿಕದ ಪೀಸ್ ಕೋರ್ ಬಂತು. 1961ರಿಂದ 1976ರವರೆಗೆ ಅದರ ಸಾವಿರಾರು ಯುವಕ ಯುವತಿಯರು ಭಾರತದ ಹಳ್ಳಿಗಳಲ್ಲಿದ್ದರು. ಆಗಿನ ಮೈಸೂರು ರಾಜ್ಯದಲ್ಲೂ ಕೋಳಿ ಸಾಕಣೆಯಂಥ ಕೆಲಸಗಳಲ್ಲಿ ತೊಡಗಿದ್ದರು.

ಕನ್ನಡಕ್ಕೆ ಸಂಬಂಧಿಸಿದ ಕಥೆ ಇನ್ನೂ ಹಳೆಯದು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ವಯಸ್ಸು 21, ಇವತ್ತಿನ ಲೆಕ್ಕದಲ್ಲಿ ಡಿಗ್ರಿ ಕೊನೆಯ ವರ್ಷದ ಹುಡುಗ. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಉಳಿದದ್ದು 1894ರಲ್ಲಿ ಅಚ್ಚಾದ ನಿಘಂಟು. ರಜೆಯಲ್ಲಿ ಒಂದು ದಿನ, ಕಿಟೆಲ್ ಕೊನೆಯುಸಿರೆಳೆದ ಟ್ಯೂಬಿಂಗನ್‌ಗೆ ಹೋಗಿದ್ದೆ. ನಾನು ಕೇಳಿದ ನಾಲ್ಕು ಜನರಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ನಾವು ಪ್ರತಿಮೆ ಇಟ್ಟಿದ್ದೇವೆ ಎಂದರೆ ಆಶ್ಚರ್ಯಪಟ್ಟರು.

ಇವರೆಲ್ಲ ಅತ್ತಣಿಂದ ಇತ್ತ ಬಂದವರು. ಇಂದಿಗೂ ದೊಡ್ಡ ಹರಿವು ಆ ಕಡೆಯಿಂದಲೇ. ಜರ್ಮನ್ ಸರ್ಕಾರ 2008ರಲ್ಲಿ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆ ಶುರು ಮಾಡಿತು. 18ರಿಂದ 28 ವರ್ಷದ ತಮ್ಮ ಯುವಕರನ್ನು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಕ್ಕೆ ಕಳಿಸುತ್ತದೆ. ಖರ್ಚಿನಲ್ಲಿ 75 ಪ್ರತಿಶತದವರೆಗೆ ಸರ್ಕಾರದ್ದು. ಕುಂದಾಪುರದ ಕಡಲಾಮೆ ಸಂರಕ್ಷಣೆಯಂಥ ಕೆಲಸಗಳಿಗೆ ಬೆಂಗಳೂರಿನ ಎಫ್‌ಎಸ್‌ಎಲ್ ಇಂಡಿಯಾದಂಥ ಸಂಸ್ಥೆಗಳ ಮೂಲಕ ವಿದೇಶಿ ಯುವಕರು ಬರುತ್ತಾರೆ. ‘ಏಕಮುಖ ರಸ್ತೆ’ ಎಂಬ ಟೀಕೆ ಬಂದ ಮೇಲೆ ಇತ್ತಣಿಂದ ಅತ್ತ ಕರೆಸಿಕೊಳ್ಳುವ ಭಾಗವನ್ನೂ ಸೇರಿಸಿದರು. ಆದರೆ ಹಾಗೆ ಹೋಗುವವರ ಸಂಖ್ಯೆ ಬರುವವರಿಗೆ ಹೋಲಿಸಿದರೆ ಬಹಳ ಕಡಿಮೆ.

ಬೇರೆ ಬಾಗಿಲುಗಳೂ ಇವೆ, ಕಿರಿದಾಗಿವೆ. ಬ್ರಿಟನ್ 2023ರಿಂದ ಪದವೀಧರರಾದ 18ರಿಂದ 30ರ ಭಾರತೀಯರಿಗೆ ಎರಡು ವರ್ಷದ ‘ಯಂಗ್ ಪ್ರೊಫೆಷನಲ್ಸ್’ ವೀಸಾ ಕೊಡುತ್ತಿದೆ. ವರ್ಷಕ್ಕೆ 3,000, ಅದೂ ಲಾಟರಿ. ಬ್ಯಾಂಕಿನಲ್ಲಿ 2,530 ಪೌಂಡ್ ತೋರಿಸಬೇಕು. ಆಸ್ಟ್ರೇಲಿಯಾ 2024ರಲ್ಲಿ ಭಾರತೀಯರಿಗೆ ‘ವರ್ಕ್ ಅಂಡ್ ಹಾಲಿಡೇ’ ವೀಸಾ ತೆರೆದಾಗ 1,000 ಜಾಗಕ್ಕೆ ಎರಡೇ ವಾರದಲ್ಲಿ ಸುಮಾರು 40 ಸಾವಿರ ಅರ್ಜಿ ಬಂದವು. ಒಂದು ಜಾಗಕ್ಕೆ 40 ಜನ. ನಮ್ಮ ಎಫ್‌ಡಿಎ ಪರೀಕ್ಷೆ ಬರೆದವರಿಗೆ ಇದೇನೂ ಹೊಸ ಲೆಕ್ಕ ಅಲ್ಲ.

ಒಳಗೆ ಹೋಗಲು ಆಸೆ ಇರುವವರು 40, ಕುರ್ಚಿ ಒಂದು. ಉಳಿದ 39 ಜನರ ಮುಂದೆ ಏಜೆಂಟ್ ಅಂಗಡಿ ತೆರೆಯುತ್ತಾನೆ. ಇದಕ್ಕೆ ವಾಲಂಟಿಯರ್ ಎಂಬ ಪದ ಬಹಳ ಅನುಕೂಲ. ನೌಕರಿಗೆ ಕಳಿಸುತ್ತೇನೆ ಎಂದರೆ 1983ರ ಎಮಿಗ್ರೇಷನ್ ಕಾಯ್ದೆಯಂತೆ ನೋಂದಣಿ ಬೇಕು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಹೆಸರು ವಿದೇಶಾಂಗ ಇಲಾಖೆಯ ‘ಇ-ಮೈಗ್ರೇಟ್’ ಜಾಲತಾಣದಲ್ಲಿರಬೇಕು. ‘ಇದು ನೌಕರಿ ಅಲ್ಲ, ಕಲ್ಚರಲ್ ಪ್ರೋಗ್ರಾಂ’ ಎಂದುಬಿಟ್ಟರೆ ಹುಡುಗರು ಆ ಪಟ್ಟಿ ತೆರೆದು ನೋಡುವುದೇ ಇಲ್ಲ. ತಮಾಷೆ ನೋಡಿ, ನಮ್ಮಲ್ಲಿ ನೋಂದಾಯಿತ ಎನ್‌ಜಿಒ ಒಂದರಲ್ಲಿ ಸೇವೆ ಮಾಡಲು ಬರುವ ವಿದೇಶಿಯರಿಗೆ ಭಾರತ ಕೊಡುವುದು ಎಂಪ್ಲಾಯ್‌ಮೆಂಟ್ ವೀಸಾ. ಸೇವೆಯೂ ಒಂದು ಕೆಲಸವೇ ಎಂದು ನಮ್ಮ ಸರ್ಕಾರಕ್ಕೆ ಗೊತ್ತಿದೆ.

ಪದ ಬದಲಾದರೆ ಏನೆಲ್ಲ ಆಗಬಹುದು ಎಂಬುದನ್ನು ಕಲಬುರಗಿ ಜಿಲ್ಲೆಯವರು ನೋಡಿದ್ದಾರೆ. ಸೆಕ್ಯುರಿಟಿ, ಸಹಾಯಕ ಕೆಲಸ ಎಂದು ನಂಬಿಸಿ 2023ರ ಕೊನೆಯಲ್ಲಿ ರಷ್ಯಾಕ್ಕೆ ಕರೆದೊಯ್ದ ಅಲ್ಲಿನ ಯುವಕರು ಉಕ್ರೇನ್ ಯುದ್ಧದ ಅಂಚಿಗೆ ಹೋಗಿ ನಿಂತಿದ್ದರು. ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದೇ ರೀತಿ ಹೋಗಿದ್ದ ಗುಜರಾತಿನ ಒಬ್ಬ, ಹೈದರಾಬಾದಿನ ಒಬ್ಬ ಜೀವಂತ ಮರಳಲಿಲ್ಲ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಶಿಬಿರಗಳಿಂದ ಬಿಡಿಸಿದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ಅವರಲ್ಲಿ ಬಹಳಷ್ಟು ಮಂದಿ ನಮ್ಮ ಹಾಗೆ ಕಂಪ್ಯೂಟರ್ ಬಲ್ಲ, ಕೆಲಸ ಹುಡುಕುತ್ತಿದ್ದ ಯುವಕರು.

ಜರ್ಮನಿಯ ಯೋಜನೆಯನ್ನು ಇವುಗಳ ಸಾಲಿಗೆ ಸೇರಿಸುತ್ತಿಲ್ಲ. ಅದು ಕಾನೂನುಬದ್ಧ, ನನಗೆ ಒಳ್ಳೆಯದನ್ನೇ ಮಾಡಿದೆ. ನನ್ನನ್ನು ಚಿಂತೆಗೆ ಹಚ್ಚಿರುವುದು ಅದಕ್ಕೂ ಇದಕ್ಕೂ ನಡುವಿನ ವ್ಯತ್ಯಾಸವನ್ನು ಹುಡುಗರು ವಾಟ್ಸ್ಆ್ಯಪ್ ಪೋಸ್ಟರ್‌ನಲ್ಲಿ ಹುಡುಕುತ್ತಿರುವುದು. ಕರೆ ಮಾಡಿದವರಿಗೆ ನಾನು ಕೇಳುವುದು ಇಷ್ಟೇ. ಒಪ್ಪಂದದ ಕಾಗದ ನೋಡಿದೆಯಾ? ಅದರಲ್ಲಿ ಸಂಸ್ಥೆಯ ವಿಳಾಸ, ಕೆಲಸದ ಗಂಟೆ, ಪಾಕೆಟ್ ಮನಿ, ಕೋಣೆ ಯಾರದು ಎಂದು ಬರೆದಿದೆಯಾ? ಆ ಸಂಸ್ಥೆಯವರ ಜೊತೆ ನೀನೇ ನೇರ ಮಾತಾಡಿದ್ದೀಯಾ? ಜರ್ಮನ್ ಬರದಿದ್ದರೂ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ಭಾಷೆ ಬರದವನಿಗೆ ಅಜ್ಜಿಯ ಎದೆನೋವು ಅರ್ಥವಾಗುವುದಿಲ್ಲ, ಯಾವ ಆಶ್ರಮವೂ ಆ ಅಪಾಯ ತೆಗೆದುಕೊಳ್ಳುವುದಿಲ್ಲ. ನೌಕರಿಯೇ ಬೇಕೆಂದರೆ ರಾಜ್ಯ ಸರ್ಕಾರದ ಕೌಶಲ ಅಭಿವೃದ್ಧಿ ನಿಗಮದ ಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಮೊದಲು ಅಲ್ಲಿ ಕೇಳು. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ ಯುಎನ್‌ವಿ ಕೂಡ ಅಭ್ಯರ್ಥಿಗಳಿಂದ ಯಾವ ಹಣವನ್ನೂ ಪಡೆಯುವುದಿಲ್ಲ.

ಇನ್ನು ಪಿಆರ್ ಗ್ಯಾರಂಟಿ ವಿಷಯ. ಸ್ವಯಂಸೇವೆಯ ವರ್ಷ ಮುಗಿದ ಮೇಲೆ ಅನೇಕರು ಅಲ್ಲೇ ‘ಔಸ್‌ಬಿಲ್ಡುಂಗ್’ ಎಂಬ ಮೂರು ವರ್ಷದ ವೃತ್ತಿ ತರಬೇತಿಗೆ ಸೇರುತ್ತಾರೆ, ನರ್ಸಿಂಗ್‌ಗೇ ಹೆಚ್ಚು. ತರಬೇತಿಯಲ್ಲೇ ಒಳ್ಳೆಯ ಭತ್ಯೆ ಇದೆ. ಅದು ನಿಜವಾದ ದಾರಿ. ಆದರೆ ಅದಕ್ಕೆ ಭಾಷೆ ಇನ್ನೂ ಎರಡು ಮಟ್ಟ ಮೇಲೇರಬೇಕು, ಆ ಕೆಲಸ ಮೈಗೂ ಮನಸ್ಸಿಗೂ ಒಗ್ಗಬೇಕು. ನನಗೆ ಒಗ್ಗಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆ ಇಲ್ಲ. ಎಂಟನೇ ತಿಂಗಳಲ್ಲಿ ಆ ಸೈಲೀಷಿಯಾದ ಹಿರಿಯರು ಹೋದರು. ಅದಾದ ಹತ್ತು ದಿನಕ್ಕೆ ಇಲ್ಲಿ ನಮ್ಮಜ್ಜಿ. ಟಿಕೆಟ್ಟಿಗೆ ದುಡ್ಡಿರಲಿಲ್ಲ. ಮಣ್ಣು ಮಾಡುವುದನ್ನು ತಮ್ಮ ಫೋನಿನಲ್ಲಿ ತೋರಿಸಿದ.

‘ಯಾಕೆ ವಾಪಸ್ ಬಂದೆ?’ ಎಂದು ಕೇಳುವವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು 1960ರ ಹೊತ್ತಿಗೆ ಮರಳಿದರು. ಹಾಸ್ಟೆಲಿನ ಕೋಣೆಯಲ್ಲೇ ಇದ್ದುಕೊಂಡು ಗೌರಿಬಿದನೂರು, ಬಾಗೇಪಲ್ಲಿಯಂಥ ಕಡೆಗಳಲ್ಲಿ ಕಾಲೇಜು ನಡೆಸಿದರು. ಅವರ ಹೆಸರು ಹೇಳಿ ನನ್ನನ್ನು ದೊಡ್ಡವನಾಗಿ ಮಾಡಿಕೊಳ್ಳುವ ಉದ್ದೇಶ ಇಲ್ಲ. ಹೋಗಿ ಬರುವುದೂ ಒಂದು ದಾರಿ, ಸೋಲಲ್ಲ ಎಂದು ನಮ್ಮೂರ ಕಡೆಯವರೇ ತೋರಿಸಿದ್ದಾರೆ ಎಂದಷ್ಟೇ.

ಬಂದ ಮೇಲೆ ಒಂದು ಸಣ್ಣ ಬದಲಾವಣೆ ಆಗಿದೆ. ನಮ್ಮ ಇಂಡಸ್ಟ್ರಿಯಲ್ ಏರಿಯಾದ ಸುತ್ತ ಶೀಟಿನ ಮನೆಗಳಲ್ಲಿ ಒಡಿಶಾ, ಬಿಹಾರದ ಹುಡುಗರು ಬಾಡಿಗೆಗಿದ್ದಾರೆ. ಗಾರ್ಮೆಂಟ್ಸ್‌ನಲ್ಲಿದ್ದಾಗ ಅವರಲ್ಲಿ ಮೂವರಿಗೆ ದಿನವೂ ನೂಲಿನ ಲೆಕ್ಕ ಕೊಡುತ್ತಿದ್ದೆ. ಎಲ್ಲರನ್ನೂ ‘ಭೈಯ್ಯಾ’ ಅನ್ನುತ್ತಿದ್ದೆ, ಒಬ್ಬರ ಹೆಸರೂ ಕೇಳಿರಲಿಲ್ಲ. ಭಾನುವಾರ ಸಂಜೆ ಅವರು ಜೋರಾಗಿ ಹಾಡು ಹಾಕಿದರೆ ಊರಿನವರು ಬೈಯುತ್ತಾರೆ. ಮೊನ್ನೆ ಅವರಲ್ಲೊಬ್ಬನ ಕೋಣೆಗೆ ಹೋಗಿದ್ದೆ. ಗಂಜಾಂ ಜಿಲ್ಲೆಯವನು. ‘ನಿನ್ನ ಊರಿನಲ್ಲಿ ಏನಾಯಿತು?’ ಎಂದು ಕೇಳಿದೆ. 1999ರ ಚಂಡಮಾರುತದ ಬಗ್ಗೆ ಅವನ ಅಪ್ಪ ಹೇಳಿದ್ದನ್ನು ಒಂದು ಗಂಟೆ ಹೇಳಿದ. ನನ್ನ ಹಿಂದಿ ಅಷ್ಟಕ್ಕಷ್ಟೆ, ಅವನ ಕನ್ನಡವೂ. ಅರ್ಥವಾಯಿತು.

ಕಳೆದ ವಾರ ಗೌರಿಬಿದನೂರು ಬಸ್ ನಿಲ್ದಾಣದಲ್ಲಿ ಒಬ್ಬರು ಸಿಕ್ಕಿದರು. ಮಗಳು ಬಿ.ಎಸ್ಸಿ. ಮುಗಿಸಿ ಜರ್ಮನ್ ಕಲಿಯುತ್ತಿದ್ದಾಳೆ, ಏಜೆಂಟ್ ಎರಡೂವರೆ ಲಕ್ಷ ಕೇಳಿದ್ದಾನೆ, ಜಮೀನಿನ ಮೇಲೆ ಸಾಲ ತೆಗೆಯುವ ಯೋಚನೆ. ‘ಅಲ್ಲಿ ವಯಸ್ಸಾದವರ ಮೈ ತೊಳೀಬೇಕಂತೆ, ನಿಜಾನಾಪ್ಪ?’ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಿಜ ಎಂದೆ. ಬೆಳಗ್ಗೆ ಆರೂವರೆಗೆ ಪಾಳಿ ಶುರು, ಒಂದೊಂದು ದಿನ ಸೊಂಟ ಬಿದ್ದುಹೋಗುತ್ತದೆ, ಆದರೆ ಕೆಟ್ಟ ಕೆಲಸ ಅಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಮತ್ತೆ ಅದನ್ನ ಮಾಡೋಕೆ ನಾವ್ಯಾಕೆ ದುಡ್ಡು ಕೊಡಬೇಕು?’ ಎಂದರು.

ಏಜೆಂಟನನ್ನೇ ಕೇಳಿ ಎಂದೆ. ಕೇಳಿದರೋ ಇಲ್ಲವೋ. ಹುಡುಗಿಯ ಎ2 ಪರೀಕ್ಷೆ ಬರುವ ತಿಂಗಳಿದೆ. ಇಮೇಲ್ ಹೇಗೆ ಬರೆಯಬೇಕು ಎಂದು ಭಾನುವಾರ ತೋರಿಸುತ್ತೇನೆಂದು ಹೇಳಿದ್ದೇನೆ.